ದೇವರಿಗೆ ಹೆದರುವುದು, ದೇವರಿಗಾಗಿ ಹೆದರುವುದು

ಯು. ಆರ್. ಅನಂತಮೂರ್ತಿಯವರ 'ಭಾರತೀಪುರ'ವನ್ನು ನಾನು ಎರಡು ಸಲ ಓದಿದ್ದೇನೆ. ಮೊದಲ ಸಲ ಸುರತ್ಕಲ್‌ನ ಹಾಸ್ಟೆಲಿನಲ್ಲಿ, ಎಂ.ಟೆಕ್. ಮಾಡುತ್ತಿದ್ದಾಗ. ಎರಡನೆಯ ಸಲ ಪುಣೆಯ ನಮ್ಮ ಫ್ಲ್ಯಾಟಿನಲ್ಲಿ, ಕಳೆದ ಕಾರ್ತಿಕ ಮಾಸದಲ್ಲಿ. ನಡುವೆ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕಳೆದಿದೆ. ಎರಡನೆಯ ಓದಿಗೆ ಹಚ್ಚಿದ್ದು ಸಾಹಿತ್ಯದ ಆಸಕ್ತಿ ಎಂದು ಹೇಳಿಕೊಳ್ಳಲು ಇಷ್ಟವಿತ್ತು. ನಿಜವಾಗಿ ಹಚ್ಚಿದ್ದು ನಾಚಿಕೆ. ಆ ಸಂಗತಿಯನ್ನು ಮೊದಲು ಹೇಳಿಬಿಡುತ್ತೇನೆ, ಆಮೇಲೆ ಕಾದಂಬರಿಗೆ ಬರುತ್ತೇನೆ.

ಮೊಣಕಾಲಿನ ಶಸ್ತ್ರಚಿಕಿತ್ಸೆಗೆಂದು ಅಮ್ಮ ಊರಿನಿಂದ ನಮ್ಮಲ್ಲಿಗೆ ಬಂದಿದ್ದಳು. ಬರುವಾಗ ದೇವರ ಸಂಪುಟವನ್ನೂ ತಂದಿದ್ದಳು. ಶಿವಮೊಗ್ಗದಿಂದ ರಾತ್ರಿಯಿಡೀ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಂದ ಇಳಿಸಿರಲಿಲ್ಲ. ಒಳಗೆ ಅಜ್ಜನ ಕಾಲದ ಎರಡು ಸಾಲಿಗ್ರಾಮ, ಒಂದು ಸಣ್ಣ ಬಾಲಕೃಷ್ಣ. ಊರಿನ ಮನೆಗೆ ಬೀಗ ಹಾಕಿದ ಮೇಲೆ ಅವಕ್ಕೆ ನೀರು ಹಾಕುವವರು ಯಾರು, ಒಂದು ಹಿಡಿ ಅನ್ನ ತೋರಿಸುವವರು ಯಾರು ಎಂಬುದೇ ಅವಳ ಚಿಂತೆ. ಶಸ್ತ್ರಚಿಕಿತ್ಸೆಗೆ ಹೆದರಿದ್ದಕ್ಕಿಂತ ಹೆಚ್ಚಾಗಿ ದೇವರು ಉಪವಾಸ ಬೀಳುತ್ತಾನೆಂದು ಹೆದರಿದ್ದಳು. ಪುಸ್ತಕದ ಕಪಾಟಿನ ಒಂದು ಖಾನೆ ಖಾಲಿ ಮಾಡಿ ದೇವರ ಗೂಡು ಮಾಡಿಕೊಟ್ಟೆವು.

ಶಸ್ತ್ರಚಿಕಿತ್ಸೆ ಆಗಿ ಮೂರನೆಯ ವಾರ. ಸಂಜೆ, ನನಗೆ ಅಮೆರಿಕದ ಗ್ರಾಹಕರ ಜೊತೆ ಕಾಲ್. ಹೆಂಡತಿ ಇನ್ನೂ ಆಫೀಸಿನಿಂದ ಬಂದಿಲ್ಲ. ಅಮ್ಮ ವಾಕರ್ ಪಕ್ಕಕ್ಕಿಟ್ಟು ಕುರ್ಚಿಯಲ್ಲಿ ಕೂತು, ದೀಪ ಹಚ್ಚುವ ಹೊತ್ತಾಯಿತು ಎಂದು ಎರಡು ಸಲ ಕರೆದಳು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದ ಮಾವಶಿಗೆ ನಾನು ಕೋಣೆಯಿಂದಲೇ ಕೂಗಿ ಹೇಳಿದೆ: "ಮಾವಶಿ, ದಿವಾ ಲಾವಾ." ಅವರು ಕೈ ಒರೆಸಿಕೊಂಡು ಬಂದು ಗೂಡಿನ ಮುಂದೆ ನಿಂತರು. "ನಕೋ ದಾದಾ, ಆಜೀ ಲಾವತೀಲ," ಅಜ್ಜಿಯೇ ಹಚ್ಚುತ್ತಾರೆ, ಎಂದರು. ನಾನು ಕಾಲ್ ಮ್ಯೂಟ್ ಮಾಡಿ ಹೊರಗೆ ಬಂದೆ. ಆಗ ನನ್ನೊಳಗೆ ಏನೋ ಎದ್ದು ನಿಂತಿತು. ಅದು ದೀಪದ ವಿಷಯವಾಗಿ ಉಳಿಯಲಿಲ್ಲ. ಅಮ್ಮನ ಎದುರೇ ಈ ಗಡಿ ಮುರಿಯಬೇಕು ಅನ್ನಿಸಿತು. ಎಣ್ಣೆ ಹಾಕಿ, ಬತ್ತಿ ಸರಿಮಾಡಿ, ಆ ಸಂಪುಟವನ್ನೂ ಸ್ವಲ್ಪ ಪಕ್ಕಕ್ಕೆ ಸರಿಸಿ, "ಹಾತ ಲಾವಾ" ಎಂದೆ. ಮರಾಠಿಯಲ್ಲಿ ದೀಪ ಹಚ್ಚುವುದಕ್ಕೂ ಕೈ ಮುಟ್ಟಿಸುವುದಕ್ಕೂ ಒಂದೇ ಕ್ರಿಯಾಪದ. ಅವರು ಅಮ್ಮನ ಕಡೆ ನೋಡಿದರು. ನಾನು ಮೂರನೆಯ ಸಲ ಹೇಳಿದಾಗ ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಎರಡು ಬೆಂಕಿಕಡ್ಡಿ ಮುರಿದವು. ಮೂರನೆಯದರಲ್ಲಿ ದೀಪ ಹೊತ್ತಿತು. ಸಂಪುಟವನ್ನು ಬೆರಳ ತುದಿಯಿಂದ ಸರಿಸಿ, ಹಿಂತಿರುಗಿ ನೋಡದೆ ಹೋದರು.

ಅಮ್ಮ ಮಡಿ ಮೈಲಿಗೆಯ ಮಾತೇ ಎತ್ತಲಿಲ್ಲ. "ಅವಳ ಚಹಾ ಹಾಗೇ ಆರಿಹೋಯ್ತು," ಎಂದಳು, ಅಷ್ಟೇ. ಮರುದಿನ ಬೆಳಿಗ್ಗೆ ಆನ್‌ಲೈನ್‌ನಲ್ಲಿ ತರಿಸಿಟ್ಟುಕೊಂಡಿದ್ದ ಗೋಮೂತ್ರದ ಬಾಟಲಿ ತೆಗೆದು ಸಾಲಿಗ್ರಾಮಕ್ಕೆ ಶುದ್ಧಿ ಮಾಡಿದ್ದನ್ನೂ ನಾನು ನೋಡಿದೆ. ಈ ಎರಡರಲ್ಲಿ ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಅಮ್ಮನಿಗೆ ಅನ್ಯಾಯ, ಇಲ್ಲವೇ ಮಾವಶಿಗೆ ಅನ್ಯಾಯ. ಅವತ್ತು ರಾತ್ರಿಯೇ ನಾನು 'ಭಾರತೀಪುರ'ವನ್ನು ಕಪಾಟಿನಿಂದ ತೆಗೆದದ್ದು. ದೇವರ ಗೂಡಿನ ಮೇಲಿನ ಖಾನೆಯಲ್ಲೇ ಇತ್ತು.

*

1973ರಲ್ಲಿ ಬಂದ ಈ ಕಾದಂಬರಿಯ ಜಗನ್ನಾಥ ಇಂಗ್ಲೆಂಡಿನಲ್ಲಿ ಓದಿ ಬಂದವನು, ಊರಿನ ದೊಡ್ಡ ಜಮೀನ್ದಾರ. ಭಾರತೀಪುರದ ಬದುಕೆಲ್ಲ ಮಂಜುನಾಥನ ಸುತ್ತ ಸುತ್ತುತ್ತದೆ. ಮಂಜುನಾಥನ ಅಪ್ಪಣೆಯನ್ನು ನಡೆಸುವವನು ಭೂತರಾಯ. ಊರು ನಂಬುವುದು ಮಂಜುನಾಥನನ್ನಾದರೂ ನಡುಗುವುದು ಭೂತರಾಯನ ಹೆಸರಿಗೆ. ಈ ಭಯ ಕಳಚಿದರೆ ಊರು ಬದಲಾಗುತ್ತದೆ ಎಂದು ಜಗನ್ನಾಥ ನಂಬುತ್ತಾನೆ. ಹೊಲೆಯರನ್ನು ದೇವಸ್ಥಾನದೊಳಗೆ ಕರೆದೊಯ್ಯುವುದು ಅವನ ಯೋಜನೆ. ಅದಕ್ಕೆ ತಾಲೀಮು ಎನ್ನುವಂತೆ, ಮನೆಯ ದೇವರ ಕೋಣೆಯ ಸಾಲಿಗ್ರಾಮವನ್ನು ಅಂಗಳಕ್ಕೆ ತಂದು, ತಾನು ಇಷ್ಟು ದಿನ ಪಾಠ ಹೇಳಿಕೊಟ್ಟಿದ್ದ ಹೊಲೆಯ ಯುವಕರ ಮುಂದೆ ಹಿಡಿಯುತ್ತಾನೆ. ಹಿಂದೆ ಚಿಕ್ಕಮ್ಮ ಮತ್ತು ಪೂಜೆಯವರು ದಿಗಿಲಿನಿಂದ ನಿಂತಿದ್ದಾರೆ. ಇದು ಬರೀ ಕಲ್ಲು ಎಂದು ಮೇಷ್ಟರ ದನಿಯಲ್ಲಿ ಜಗನ್ನಾಥ ತಿಳಿಹೇಳುತ್ತಾನೆ. ಅವರು ಹಿಂಜರಿಯುತ್ತಾರೆ. ಅವನ ದನಿ ಏರುತ್ತದೆ, ಕೊನೆಗೆ ಪ್ರಾಣಿಯೊಂದು ಅರಚಿದಂತಾಗುತ್ತದೆ. ಪಿಳ್ಳ ಮತ್ತು ಉಳಿದವರು ಯಂತ್ರದಂತೆ ಮುಂದೆ ಬಂದು, ಮುಟ್ಟಿದ ಶಾಸ್ತ್ರ ಮಾಡಿ, ಸರಿದು ಹೋಗುತ್ತಾರೆ. ಜಗನ್ನಾಥ ಸಾಲಿಗ್ರಾಮವನ್ನು ಎಸೆದು ಕತ್ತಲಲ್ಲಿ ಒಬ್ಬನೇ ನಿಲ್ಲುತ್ತಾನೆ.

ಹಾಸ್ಟೆಲಿನಲ್ಲಿ ಈ ಪುಟಗಳನ್ನು ಓದಿದಾಗ ನನಗೆ ಮರುಕ ಹುಟ್ಟಿದ್ದು ಜಗನ್ನಾಥನ ಮೇಲೆ. ಎಷ್ಟು ಶತಮಾನಗಳ ದೈವಭಯ ಇದು, ಬಿಡಿಸಲು ಬಂದವನ ಕೈಯನ್ನೇ ತಳ್ಳುವಷ್ಟು ಆಳಕ್ಕಿಳಿದಿದೆ ಎಂದುಕೊಂಡೆ. ಗೆಳೆಯರೂ ಹಾಗೇ ಓದಿದರು. ನಮ್ಮಲ್ಲಿ ಯಾರಿಗೂ ಪಿಳ್ಳನ ಜಾಗದಲ್ಲಿ ನಿಂತು ನೋಡಬೇಕು ಅನ್ನಿಸಲಿಲ್ಲ. ನಾವೆಲ್ಲರೂ ಒಂದಲ್ಲ ಒಂದು ದೇವರ ಕೋಣೆ ಇದ್ದ ಮನೆಗಳಿಂದ ಬಂದವರು, ಜಗನ್ನಾಥನಾಗುವ ಕನಸು ಕಾಣುತ್ತಿದ್ದವರು.

ಈ ಸಲ ಓದಿದಾಗ ಒಂದು ವಾಕ್ಯದ ಬಳಿ ನಿಂತುಬಿಟ್ಟೆ. ಆ ಗಳಿಗೆಯಲ್ಲಿ ಹೊಲೆಯರಿಗೆ ಜಗನ್ನಾಥ ಭೂತರಾಯನಿಗಿಂತ ಭೀಕರವಾಗಿ ಕಂಡ ಎಂಬ ಅರ್ಥದ ವಾಕ್ಯವದು. ಇಡೀ ದೃಶ್ಯದಲ್ಲಿ ಕಥನ ಅವರ ಕಡೆಗೆ ಹೊರಳಿ ನೋಡುವುದು ಬಹುಮಟ್ಟಿಗೆ ಅಲ್ಲಿ ಮಾತ್ರ. ಅವರು ಮುಟ್ಟಿದ್ದು ಸಾಲಿಗ್ರಾಮದ ಭಯ ಕಳೆದದ್ದರಿಂದಲ್ಲ, ಸಾಲಿಗ್ರಾಮಕ್ಕಿಂತ ದೊಡ್ಡ ಭಯ ಎದುರಿಗೆ ನಿಂತದ್ದರಿಂದ. ಒಡೆಯ ಮುಟ್ಟಬೇಡ ಎಂದಾಗ ಮುಟ್ಟದೆ ಇದ್ದವರು, ಒಡೆಯ ಮುಟ್ಟು ಎಂದಾಗ ಮುಟ್ಟಿದರು. ಕಲ್ಲು ಎರಡೂ ಸಲ ಸುಮ್ಮನಿತ್ತು.

ಹಾಗಾದರೆ ಅವರು ಮೊದಲಿನಿಂದಲೂ ಹೆದರಿದ್ದು ಯಾರಿಗೆ? ಜಗನ್ನಾಥ ಇದನ್ನು ದೇವರ ಭಯ ಎಂದು ಹೆಸರಿಸಿದ. ನಾವೂ ಹೌದೆಂದೆವು. ಈಗ ನನಗೆ ಅನ್ನಿಸುವುದು: ದೇವರ ಭಯ ಎಂದು ನಾವು ಕರೆಯುವುದರಲ್ಲಿ ಎಷ್ಟು ಪಾಲು ದೇವರ ಯಜಮಾನರ ಭಯ ಎಂಬುದನ್ನು ಮೊದಲು ಬೇರ್ಪಡಿಸಿ ತೂಗಬೇಕು.

*

ಅನಂತಮೂರ್ತಿಯವರು ಈ ತೂಕವನ್ನು ಅದಕ್ಕೂ ಮೊದಲೇ, 1965ರ 'ಸಂಸ್ಕಾರ'ದಲ್ಲಿ ಶುರು ಮಾಡಿದ್ದರು. ದೂರ್ವಾಸಪುರದ ನಾರಣಪ್ಪ ತಲೆಮಾರುಗಳಿಂದ ಪೂಜೆಗೊಂಡ ಸಾಲಿಗ್ರಾಮವನ್ನು ಹೊಳೆಗೆ ಎಸೆದವನು. ಗಣಪತಿ ದೇವಸ್ಥಾನದ ಕೊಳದ ಮೀನು ಮುಟ್ಟಿದರೆ ರಕ್ತ ಕಾರಿ ಸಾಯುತ್ತಾರೆ ಎಂಬ ನಂಬಿಕೆ ಅಲ್ಲಿತ್ತು. ನಾರಣಪ್ಪ ಮುಸ್ಲಿಂ ಗೆಳೆಯರ ಜೊತೆ ಹೋಗಿ ಅದೇ ಮೀನು ಹಿಡಿದ. ಯಾರೂ ರಕ್ತ ಕಾರಲಿಲ್ಲ. ಅಗ್ರಹಾರ ಕಂಗಾಲಾಯಿತು. ದೇವರು ಇಲ್ಲವೇನೋ ಎಂಬ ಯೋಚನೆಯಿಂದ ಕಂಗಾಲಾದದ್ದಲ್ಲ. ಬ್ರಾಹ್ಮಣನೇ ಹೀಗೆ ಮಾಡಿದರೆ ಉಳಿದವರು ನಮ್ಮನ್ನು ಲೆಕ್ಕಕ್ಕಿಡುತ್ತಾರೆಯೇ ಎಂಬ ಅಂಜಿಕೆ ಅದು. ಅವನಿಗೆ ಬಹಿಷ್ಕಾರ ಹಾಕದೆ ಇದ್ದುದಕ್ಕೂ ಕಾರಣ ಭಯವೇ: ಹಾಕಿದರೆ ಮುಸ್ಲಿಮನಾಗಿ ಅಗ್ರಹಾರದಲ್ಲೇ ಇರುತ್ತೇನೆ ಎಂದು ಅವನು ಹೆದರಿಸಿದ್ದ.

ಪ್ರಾಣೇಶಾಚಾರ್ಯರ ಕಥೆಯೂ ಇದೇ ಹಾದಿಯದು. ಕಾದಂಬರಿಯ ಕೊನೆಯ ಭಾಗದಲ್ಲಿ, ಹೆಂಡತಿ ತೀರಿಕೊಂಡ ಸೂತಕದಲ್ಲೇ, ಅವರು ಜಾತ್ರೆಯ ದೇವಸ್ಥಾನದ ಊಟದ ಪಂಕ್ತಿಯಲ್ಲಿ ಕೂತಿದ್ದಾರೆ. ವೇದಾಂತ ಶಿರೋಮಣಿ ಎನ್ನಿಸಿಕೊಂಡವರು ಅಲ್ಲಿ ನಡುಗುವುದು ಯಾವುದಕ್ಕೆ? ಯಾರಾದರೂ ಗುರುತು ಹಿಡಿದುಬಿಟ್ಟರೆ ಎಂಬುದಕ್ಕೆ. ದೇವರು ಅವರನ್ನು ಕಾಡಿನಲ್ಲಿ, ಚಂದ್ರಿಯ ಜೊತೆಯಲ್ಲೇ ನೋಡಿಯಾಗಿತ್ತಲ್ಲ. ಆಗ ಹುಟ್ಟದ ನಡುಕ ಎಲೆಯ ಮುಂದೆ ಕೂತಾಗ ಹುಟ್ಟುತ್ತದೆ.

ನನ್ನ ಕೆಲಸದಲ್ಲಿ ಇಂಥದ್ದನ್ನು ದಿನವೂ ನೋಡುತ್ತೇನೆ. ಆಡಿಟ್ ವಾರ ಬಂತೆಂದರೆ ಎಲ್ಲ ದಾಖಲೆಗಳೂ ಮಡಿಯುಟ್ಟು ಕೂರುತ್ತವೆ. ತಿಂಗಳುಗಟ್ಟಲೆ ಖಾಲಿಯಿದ್ದ ಚೆಕ್‌ಲಿಸ್ಟುಗಳು ರಾತ್ರೋರಾತ್ರಿ ತುಂಬುತ್ತವೆ. ಆಡಿಟರ್ ಹೋದ ಮರುದಿನ ಮತ್ತೆ ಹಳೆಯ ಪಾಡು. ನೋಡುವವರ ಕಣ್ಣಿಗೆ ಹೆದರುವುದು ಬೇರೆ, ಕೈಯಲ್ಲಿರುವ ಕೆಲಸ ಕೆಡಬಾರದೆಂದು ಹೆದರುವುದು ಬೇರೆ. ಎರಡನ್ನೂ ನಾವು ಶಿಸ್ತು ಎಂದೇ ಕರೆಯುತ್ತೇವೆ. ಕನ್ನಡದಲ್ಲಿ 'ಭಯಭಕ್ತಿ' ಎಂಬ ಪದಕ್ಕೂ ಅದೇ ಗತಿಯಾಗಿದೆ. ಎರಡು ಪದಗಳನ್ನು ಎಷ್ಟು ಗಟ್ಟಿಯಾಗಿ ಅಂಟಿಸಿದ್ದೇವೆಂದರೆ, ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆಂದು ಆಡುವವನಿಗೂ ತಿಳಿಯದು. ಕನ್ನಡ ಬೈಬಲ್ ಅನುವಾದಿಸಿದವರಿಗೂ ಈ ಜೋಡಿಪದ ಒದಗಿಬಂತು. ಹೀಬ್ರೂ ಮೂಲದ 'ಯಿರಾ' ಎಂಬ ಪದದಲ್ಲಿ ಅಂಜಿಕೆಯೂ ಇದೆ, ಬೆರಗಿನ ಗೌರವವೂ ಇದೆ. ಅಲ್ಲಿ ಒಂದೇ ಪದ ಎರಡನ್ನು ಹೊರುತ್ತದೆ. ನಮ್ಮಲ್ಲಿ ಎರಡು ಪದ ಸೇರಿ ಒಂದಾಗಿ, ಬಳಕೆಯಲ್ಲಿ ಮೊದಲನೆಯದೇ ಎರಡನೆಯದನ್ನು ನುಂಗಿದೆ.

*

ಎರಡು ವಾರ ಮಾವಶಿ ಎಂದಿನಂತೆ ಬಂದರು, ಆದರೆ ನಾನು ಮನೆಯಲ್ಲಿಲ್ಲದ ಹೊತ್ತು ನೋಡಿಕೊಂಡು. ಒಂದು ಶನಿವಾರ ಸಿಕ್ಕರು. ತಪ್ಪಾಯಿತು ಎಂದೆ. ದೇವರಿಗೆ ಹೆದರಬೇಕಿಲ್ಲ ಎಂದು ತೋರಿಸಲು ಹೋಗಿ ನಿಮ್ಮನ್ನು ಹೆದರಿಸಿದೆ ಎಂದು ನನ್ನ ಅರೆಬರೆ ಮರಾಠಿಯಲ್ಲಿ ವಿವರಿಸಿದೆ. ಅವರು ವಿಚಿತ್ರವಾಗಿ ನೋಡಿದರು. "ದೇವಾಲಾ ಕಶಾಲಾ ಘಾಬರೂ?" ದೇವರಿಗೆ ನಾನ್ಯಾಕೆ ಹೆದರಲಿ? ಮನೆಯಲ್ಲಿ ದಿನಾ ದೀಪ ಹಚ್ಚುತ್ತೇನೆ. ಪಂಢರಪುರಕ್ಕೆ ಹೋದಾಗ ವಿಠೋಬನ ಕಾಲಿಗೆ ಹಣೆ ಮುಟ್ಟಿಸಿ ಬಂದಿದ್ದೇನೆ. ಅಜ್ಜಿ ನೋಡುತ್ತಿದ್ದರು, ನಾಳೆ ಬರಬೇಡ ಅಂದರೆ ನನ್ನ ಕೆಲಸದ ಗತಿಯೇನು, ಎಂದರು.

ನನ್ನಿಡೀ ಸಿದ್ಧಾಂತ ಅಲ್ಲಿಗೆ ಮುಗಿಯಿತು. ಪಂಢರಪುರದಲ್ಲಿ ಭಕ್ತರು ಗರ್ಭಗುಡಿಯೊಳಗೆ ಹೋಗಿ ವಿಠಲನ ಪಾದವನ್ನೇ ಮುಟ್ಟಿ ನಮಸ್ಕರಿಸುತ್ತಾರೆಂಬುದು ಇಲ್ಲಿ ಇಷ್ಟು ವರ್ಷ ಇದ್ದ ನನಗೆ ತಿಳಿಯದ ವಿಷಯವೇನಲ್ಲ. ಮರಾಠಿ ಸಂತರು ಕನ್ನಡದವನೆಂದು ಕರೆದ ದೇವರು ಅವನು, ನಮ್ಮ ದಾಸರಿಗೂ ಅಂಕಿತವಾದವನು. ಆ ಪಾದಕ್ಕೆ ತಲೆಯಿಟ್ಟು ಬಂದ ಹೆಂಗಸಿಗೆ ನಾನು ನನ್ನ ಮನೆಯ ಗೂಡಿನ ಸಾಲಿಗ್ರಾಮವನ್ನು ಮುಟ್ಟಿಸಿ ಧೈರ್ಯ ಕಲಿಸಲು ಹೊರಟಿದ್ದೆ. ಅವರ ಜಾತಿ ಯಾವುದೆಂದು ನಾನು ಎಂದೂ ಕೇಳಿರಲಿಲ್ಲ, ಕೇಳದೆ ಇರುವುದೇ ನನ್ನ ದೊಡ್ಡತನ ಎಂದುಕೊಂಡಿದ್ದೆ. ಅಮ್ಮ ಬಂದ ಮೊದಲ ವಾರದಲ್ಲೇ ತಿಳಿದುಕೊಂಡಿದ್ದಳು. ಅಮ್ಮ ತಿಳಿದುಕೊಂಡಿದ್ದಾಳೆಂಬುದು ಮಾವಶಿಗೂ ಗೊತ್ತಿತ್ತು. ಗೊತ್ತಿಲ್ಲದವನು ನಾನೊಬ್ಬನೇ.

ಆದರೆ ಆ ಪಾದದ ಮೇಲೆ ಎಲ್ಲರ ಹಣೆಗೂ ಜಾಗ ಸಿಕ್ಕಿದ್ದು ತೀರಾ ಇತ್ತೀಚೆಗೆ. ಹದಿನಾಲ್ಕನೆಯ ಶತಮಾನದ ಸಂತ ಚೋಖಾಮೇಳ ಮಹಾರ ಜಾತಿಯವನೆಂದು ದೇವಸ್ಥಾನದ ಹೊರಗೇ ಉಳಿದ. ಅವನ ಸಮಾಧಿ ಇವತ್ತಿಗೂ ಮಹಾದ್ವಾರದ ಎದುರು, ಹೊರಗೆ ಇದೆ. ದಲಿತರಿಗೆ ಆ ಬಾಗಿಲು ತೆರೆಯಲೆಂದು ಸಾನೆ ಗುರೂಜಿ ಪಂಢರಪುರದಲ್ಲಿ ಆಮರಣ ಉಪವಾಸ ಕೂತದ್ದು 1947ರಲ್ಲಿ. ಆ ಉಪವಾಸದ ಕೊನೆಗೆ ಬಾಗಿಲು ತೆರೆಯಿತು.

ಸಾನೆ ಗುರೂಜಿ ಮತ್ತು ಜಗನ್ನಾಥ ಇಬ್ಬರನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ನನಗೆ ಕಾದಂಬರಿ ಹೆಚ್ಚು ಸ್ಪಷ್ಟವಾಗುತ್ತದೆ. ಇಬ್ಬರೂ ಮೇಲ್ಜಾತಿಯವರು, ಇಬ್ಬರ ಉದ್ದೇಶವೂ ಪ್ರಾಮಾಣಿಕ. ಗುರೂಜಿ ಪಣಕ್ಕಿಟ್ಟದ್ದು ತಮ್ಮ ದೇಹವನ್ನು, ಅರ್ಚಕರ ಮತ್ತು ಊರಿನ ಅಂತಃಕರಣದ ಎದುರು. ಜಗನ್ನಾಥ ಅಂಗಳದಲ್ಲಿ ಪಣಕ್ಕಿಟ್ಟದ್ದು ಪಿಳ್ಳನ ದೇಹವನ್ನು. ಭೂತರಾಯ ಹೊಡೆದರೆ ಸಾಯುವವನು ಪಿಳ್ಳ, ಊರು ತಿರುಗಿಬಿದ್ದರೆ ಪೆಟ್ಟು ತಿನ್ನುವವನೂ ಪಿಳ್ಳ. ಭಯವನ್ನು ಮುರಿಯುವ ಪ್ರಯೋಗದಲ್ಲೂ ಭಯದ ಬೆಲೆ ತೆರುವವರು ಬದಲಾಗಲಿಲ್ಲ.

*

ಇಲ್ಲಿಗೆ ನಿಲ್ಲಿಸಿದರೆ ದೈವಭಯ ಎಂಬುದೆಲ್ಲ ಯಜಮಾನಿಕೆಯ ಮುಖವಾಡ ಎಂದು ತೀರ್ಮಾನಿಸಿದಂತಾಗುತ್ತದೆ. ಅಷ್ಟು ಸುಲಭವಾಗಿ ನಾನು ನಂಬಲಾರೆ. ಬಸ್ಸಿನಲ್ಲಿ ರಾತ್ರಿಯಿಡೀ ಸಂಪುಟ ಹಿಡಿದು ಕೂತ ಅಮ್ಮನ ಭಯವನ್ನು ಯಾವ ಯಜಮಾನನ ಲೆಕ್ಕಕ್ಕೆ ಹಾಕಲಿ? ಅಲ್ಲಿ ನೋಡುವವರು ಯಾರೂ ಇರಲಿಲ್ಲ.

ನಮ್ಮ ಪರಂಪರೆಯಲ್ಲಿ ಭಯದ ಇನ್ನೊಂದು ಎಳೆ ಇದೆ. ತೈತ್ತಿರೀಯ ಉಪನಿಷತ್ತಿನಲ್ಲಿ ಗಾಳಿ ಬೀಸುವುದೂ ಸೂರ್ಯ ಹುಟ್ಟುವುದೂ ಮೃತ್ಯು ಓಡುವುದೂ ಬ್ರಹ್ಮದ ಭಯದಿಂದ. ಅಲ್ಲಿ ಶಿಕ್ಷೆಯ ಮಾತಿಲ್ಲ, ಜಗತ್ತು ತನ್ನ ನಿಯಮ ತಪ್ಪದೆ ನಡೆಯುವುದಕ್ಕೆ ಇಟ್ಟ ಹೆಸರು ಅದು. ಗೀತೆಯ 11ನೆಯ ಅಧ್ಯಾಯದಲ್ಲಿ ವಿಶ್ವರೂಪ ಕಂಡ ಅರ್ಜುನ ನಡುಗಿ, ಇಷ್ಟು ದಿನ ಊಟದಲ್ಲಿ ಆಟದಲ್ಲಿ ಗೆಳೆಯನೆಂದು ಸದರದಿಂದ ನಿನ್ನನ್ನು ಕರೆದೆನಲ್ಲ, ಕ್ಷಮಿಸು, ಎಂದು ಬೇಡುತ್ತಾನೆ. ಹೊಡೆಯುತ್ತಾನೆಂಬ ಭಯಕ್ಕಿಂತ, ಹತ್ತಿರದವನನ್ನು ತಾನು ಎಷ್ಟು ಸಣ್ಣದಾಗಿ ಕಂಡಿದ್ದೆ ಎಂಬ ಭಯ ಅಲ್ಲಿ ಹೆಚ್ಚು. ಆ ಅಧ್ಯಾಯದಲ್ಲಿ ನನಗೆ ಇಷ್ಟವಾಗುವುದು ಮುಂದಿನ ಭಾಗ: ಅರ್ಜುನ ಹಳೆಯ ರೂಪವನ್ನೇ ಕೇಳುತ್ತಾನೆ, ಕೃಷ್ಣ ಅದನ್ನು ಕೊಡುತ್ತಾನೆ. ಹೆದರಿದವನನ್ನು ಹೆದರಿಕೆಯಲ್ಲೇ ಇಟ್ಟು ಕೆಲಸ ಮಾಡಿಸಿಕೊಳ್ಳುವುದಿಲ್ಲ. ನಮ್ಮ ವಿಗ್ರಹಗಳ ಬಲಗೈ ಅಭಯಮುದ್ರೆಯಲ್ಲಿ ಇರುವುದಕ್ಕೂ ಇದಕ್ಕೂ ಸಂಬಂಧವಿದೆ.

ಇನ್ನೂ ಮುಂದಕ್ಕೆ ಹೋದರೆ ಬೇಡರ ಕಣ್ಣಪ್ಪ ಸಿಗುತ್ತಾನೆ. ಕನ್ನಡದಲ್ಲಿ ಹರಿಹರ ಅವನನ್ನು ಕುರಿತು ರಗಳೆ ಬರೆದ, ತಮಿಳಿನ ಪೆರಿಯ ಪುರಾಣದಲ್ಲಿ ಸೇಕ್ಕಿಳಾರ್ ಬರೆದ. ಬಾಯಲ್ಲಿ ನೀರು ತಂದು ಲಿಂಗಕ್ಕೆ ಉಗುಳುತ್ತಾನೆ, ರುಚಿ ನೋಡಿದ ಮಾಂಸ ಉಣಿಸುತ್ತಾನೆ. ಎರಡನೆಯ ಕಣ್ಣು ಕೀಳುವಾಗ ಜಾಗ ತಪ್ಪದಿರಲೆಂದು ಲಿಂಗದ ಮೇಲೆ ಕಾಲಿಡುತ್ತಾನೆ. ಇಷ್ಟು ನಿರ್ಭೀತವಾದ ಮುಟ್ಟುವಿಕೆ ನಮ್ಮ ಸಾಹಿತ್ಯದಲ್ಲಿ ಬೇರೆ ಇಲ್ಲ. ಆದರೆ ಕಣ್ಣಪ್ಪನಿಗೆ ಭಯವೇ ಇರಲಿಲ್ಲವೇ? ತಮಿಳು ಕಥನದಲ್ಲಿ ಅವನು ಇಡೀ ರಾತ್ರಿ ಬಿಲ್ಲು ಹಿಡಿದು ಲಿಂಗದ ಪಕ್ಕ ಕಾವಲು ನಿಲ್ಲುತ್ತಾನೆ, ಕಾಡುಮೃಗಗಳು ಒಂಟಿ ದೇವರಿಗೆ ಏನಾದರೂ ಮಾಡಿಯಾವೆಂದು. ಲಿಂಗದ ಕಣ್ಣಲ್ಲಿ ರಕ್ತ ಬಂದಾಗ ತತ್ತರಿಸುತ್ತಾನೆ. ದೇವರಿಗೆ ಹೆದರದವನು ದೇವರಿಗಾಗಿ ಹೆದರುತ್ತಾನೆ. ಕನ್ನಡದ ಒಂದು ವಿಭಕ್ತಿ ಬದಲಾದರೆ ಭಯದ ಮುಖವೇ ತಿರುಗುತ್ತದೆ. ಅಮ್ಮ ಬಸ್ಸಿನಲ್ಲಿ ಹಿಡಿದು ಕೂತದ್ದು ಈ ಎರಡನೆಯದು. ಮರುದಿನ ಗೋಮೂತ್ರದ ಬಾಟಲಿ ತೆಗೆದದ್ದು? ಅದನ್ನೂ ಅವಳು ದೇವರಿಗಾಗಿಯೇ ಎಂದಾಳು.

ತೊಡಕು ಅಲ್ಲಿದೆ. ಬಸವಣ್ಣ ಇದನ್ನು ಎಂಟುನೂರು ವರ್ಷಗಳಿಗೂ ಹಿಂದೆಯೇ ಕಂಡಿದ್ದ. ಬೆಂಕಿ ಕಂಡರೆ ಬಾಡುವ, ತುರ್ತು ಬಂದರೆ ಮಾರಲಾಗುವ, ಕಳ್ಳರ ಅಂಜಿಕೆಯಾದರೆ ಮಣ್ಣಲ್ಲಿ ಹೂತಿಡಬೇಕಾದ ದೈವಗಳನ್ನು ದೇವರೆಂದು ಹೇಗೆ ಒಪ್ಪಲಿ ಎಂಬುದು ಅವನ ಒಂದು ವಚನದ ತಿರುಳು. ನಾವು ಕಾಯಬೇಕಾದ ದೇವರು ನಮ್ಮನ್ನು ಕಾಯುವುದುಂಟೇ? ದೇವರಿಗಾಗಿ ಹೆದರುವುದು ಪ್ರೀತಿಯಾಗಬಹುದು, ದೇವರಿಗೆ ಅಪಾಯವಿದೆ ಎಂದು ಗುಂಪು ಕಟ್ಟಿಕೊಂಡು ಪಕ್ಕದ ಬೀದಿಗೆ ನುಗ್ಗುವುದೂ ಆಗಬಹುದು. ಇಂದು ಎಲ್ಲ ಮತದವರ ಬಾಯಲ್ಲೂ ಆ ಎರಡನೆಯದೇ ಹೆಚ್ಚು ಕೇಳುತ್ತಿದೆ.

ಕಣ್ಣಪ್ಪನನ್ನೂ ಆ ಗುಂಪನ್ನೂ ಬೇರೆ ಮಾಡುವುದು ಹೇಗೆ? ಸಾನೆ ಗುರೂಜಿಗೂ ಜಗನ್ನಾಥನಿಗೂ ಹಿಡಿದ ಅಳತೆಗೋಲೇ ಇಲ್ಲಿಗೂ ಸಾಕು. ಕಣ್ಣಪ್ಪ ಕಿತ್ತದ್ದು ತನ್ನ ಕಣ್ಣನ್ನು. ದೇವರಿಗಾಗಿ ಹೆದರುವವನು ಆ ಹೆದರಿಕೆಯ ಬೆಲೆಯನ್ನು ತನ್ನ ಮೈಯಿಂದ ತೆರುತ್ತಾನೋ, ಇನ್ನೊಬ್ಬರ ಮೈಯಿಂದ ವಸೂಲು ಮಾಡುತ್ತಾನೋ ಎಂದು ಕೇಳಬೇಕು. ಅಮ್ಮ ಹೊಲಿಗೆ ಹಾಕಿದ ಮೊಣಕಾಲಲ್ಲಿ ನಿಂತು ನೈವೇದ್ಯ ಮಾಡುತ್ತಿದ್ದಾಗ ಬೆಲೆ ಅವಳದು. ಬಾಟಲಿ ತೆಗೆದಾಗ ಬೆಲೆ ಮಾವಶಿಯದು. ಒಬ್ಬಳೇ ಅಮ್ಮ, ಅದೇ ಸಾಲಿಗ್ರಾಮ.

*

ಈಗ ಕಾದಂಬರಿಯ ಬಗ್ಗೆ ನನ್ನ ತಕರಾರು. 'ಭಾರತೀಪುರ' ತನ್ನ ನಾಯಕನನ್ನು ಎಲ್ಲೂ ಮಾಫಿ ಮಾಡುವುದಿಲ್ಲ. ಹೊಲೆಯರನ್ನು ದೂರವಿಟ್ಟೂ ಚಿಕ್ಕಮ್ಮ ಮನುಷ್ಯಳಾಗಿ ಉಳಿದಿದ್ದಳು, ಹತ್ತಿರ ಕರೆದ ತಾನು ಆ ಗಳಿಗೆಯಲ್ಲಿ ಮನುಷ್ಯತ್ವ ಕಳೆದುಕೊಂಡೆ ಎಂದು ಜಗನ್ನಾಥನಿಗೆ ಹೊಳೆಯುವಂತೆ ಮಾಡುವುದು ದೊಡ್ಡ ಬರಹಗಾರನ ಕೆಲಸ. 'ಅವಳ ಚಹಾ ಆರಿಹೋಯ್ತು' ಎಂದ ಅಮ್ಮನ ಮುಂದೆ ನಿಂತಿದ್ದಾಗ ನನಗೆ ಆ ಮಾತಿನ ಸತ್ಯ ಮೈಗೆ ತಟ್ಟಿತು. ಕೊನೆಯ ತಿರುವು ಇನ್ನೂ ನಿಷ್ಠುರ: ಹೊಲೆಯರು ದೇವಸ್ಥಾನ ಹೊಗುವ ಹೊತ್ತಿಗೆ ಅರ್ಚಕರ ಮಗನೇ ಲಿಂಗವನ್ನು ಕಿತ್ತು ಹೊಳೆಗೆ ಹಾಕಿಬಿಟ್ಟಿರುತ್ತಾನೆ. ಮೆಟ್ಟಿಲು ಹತ್ತಿದವರಿಗೆ ಸಿಕ್ಕಿದ್ದು ಖಾಲಿ ಗರ್ಭಗುಡಿ. ದೇವರ ಅತಿ ಹತ್ತಿರ ಬೆಳೆದವನಿಗೆ ಇಲ್ಲದ ಭಯ ದೂರ ಇಟ್ಟವರ ಮೇಲೆ ಹೇರಲಾಗಿತ್ತು ಎಂದು ಕಾದಂಬರಿ ಅಲ್ಲಿ ಕಾಣಿಸುತ್ತದೆ.

ಆದರೂ ಈ ಅರಿವೆಲ್ಲ ಜಗನ್ನಾಥನದೇ ಸೊತ್ತಾಗಿ ಉಳಿಯುತ್ತದೆ. ಸಾಲಿಗ್ರಾಮ ಮುಟ್ಟಿ ಕತ್ತಲಲ್ಲಿ ಸರಿದುಹೋದ ಪಿಳ್ಳ ಆ ರಾತ್ರಿ ತನ್ನ ಗುಡಿಸಲಲ್ಲಿ ಏನಂದ? ಅವನ ಮನೆಯಲ್ಲಿ ದೇವರಿತ್ತೇ? ಇದ್ದರೆ ಅದರ ಜೊತೆ ಅವನ ಸಲಿಗೆ ಎಂಥದು? ನಾಳೆ ಒಡೆಯನ ಗದ್ದೆಗೆ ಹೋಗುವುದೋ ಬಿಡುವುದೋ ಎಂದು ಅವನು ಲೆಕ್ಕ ಹಾಕಿದನೇ? ಕಾದಂಬರಿ ಅಂಗಳದಲ್ಲೇ ಉಳಿದು ಜಗನ್ನಾಥನ ಪಶ್ಚಾತ್ತಾಪವನ್ನು ಕೇಳುತ್ತದೆ. ಹೊಲೆಯರ ಒಳಗಿನಿಂದ ಬರೆಯಲು ತನಗೆ ಹಕ್ಕಿಲ್ಲ ಎಂಬ ಸಂಕೋಚ ಲೇಖಕರದಾಗಿರಬಹುದು, ಅದನ್ನು ನಾನು ಗೌರವಿಸುತ್ತೇನೆ. ಆದರೆ ಅದರ ಪರಿಣಾಮವೂ ಇದೆ. ಪಿಳ್ಳನ ಭಯದ ಅರ್ಥವನ್ನು ಹೇಳುವ ಅಧಿಕಾರ ಜಗನ್ನಾಥನ ಬಳಿಯೇ ಉಳಿದದ್ದರಿಂದ, ನನ್ನಂಥ ಓದುಗರು ಇಪ್ಪತ್ತು ವರ್ಷ ಅದನ್ನು ಮೂಢನಂಬಿಕೆ ಎಂದೇ ಓದಿಕೊಂಡೆವು. 'ಭಾರತೀಪುರ' ಬಂದ ಕೆಲವೇ ವರ್ಷಗಳಲ್ಲಿ ದೇವನೂರ ಮಹಾದೇವ, ಸಿದ್ಧಲಿಂಗಯ್ಯ ಬರೆಯತೊಡಗಿ ಆ ಗುಡಿಸಲುಗಳ ಒಳಗಿನ ದನಿ ಕನ್ನಡಕ್ಕೆ ಬಂತು. ಅವರನ್ನು ಓದಿದ ಮೇಲೂ ನಾನು ಅವತ್ತು ಕಾಲ್ ಮ್ಯೂಟ್ ಮಾಡಿ ಎದ್ದು ಬಂದೆ ಎಂಬುದು ಪುಸ್ತಕಗಳ ತಪ್ಪಲ್ಲ.

ಅಮ್ಮ ಜನವರಿಯಲ್ಲಿ ಊರಿಗೆ ಹೋದಳು, ಸಂಪುಟ ತೊಡೆಯ ಮೇಲೆ. ಹೊರಡುವ ಹಿಂದಿನ ದಿನ ಮಾವಶಿಗೆ ಸೀರೆ ಕೊಟ್ಟಳು. ಕುಂಕುಮವನ್ನು ತಾನೇ ಹಚ್ಚಲಿಲ್ಲ, ಭರಣಿಯನ್ನು ಮುಂದಕ್ಕೆ ಸರಿಸಿದಳು. ಮಾವಶಿ ತಾವೇ ಹಚ್ಚಿಕೊಂಡು ನಮಸ್ಕಾರ ಮಾಡಿದರು. ಇಬ್ಬರೂ ಮೊಣಕಾಲು ನೋವಿನ ಬಗ್ಗೆ, ಒಬ್ಬರ ಭಾಷೆ ಇನ್ನೊಬ್ಬರಿಗೆ ಅರ್ಧ ತಿಳಿಯದೆ, ಬಹಳ ಹೊತ್ತು ಮಾತಾಡಿದರು. ನಾನು ಸುಮ್ಮನೆ ನೋಡಿದೆ. ಹೇಳಬೇಕಿತ್ತೇನೋ, ಅಮ್ಮನಿಗೆ. ಮಾವಶಿಗೆ ಕೂಗಿ ಹೇಳುವಷ್ಟು ಧೈರ್ಯ ಇದ್ದವನಿಗೆ ಅಮ್ಮನಿಗೆ ಮೆಲ್ಲಗೆ ಹೇಳುವಷ್ಟು ಧೈರ್ಯ ಇರಲಿಲ್ಲ.

ಕಪಾಟಿನ ಆ ಖಾನೆ ಈಗ ಮತ್ತೆ ಪುಸ್ತಕಗಳಿಗೆ ಸಿಕ್ಕಿದೆ. ಎಣ್ಣೆಯ ಕಲೆ ಮಾತ್ರ ಹೋಗಿಲ್ಲ.